ಇಸಿಜಿ ನಾರ್ಮಲ್ ಬಂದ ಮೇಲೂ ಎದೆ ಹೊಡೆದುಕೊಳ್ಳುವುದೇಕೆ?

ಹೋದ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ ತಮ್ಮನ ಫೋನ್ ಬಂತು. ಸೇಡಂನಿಂದ ಕಲಬುರಗಿಗೆ ಬಸ್ಸಿನಲ್ಲಿ ಬರುತ್ತಿದ್ದ. ಬಸ್ಸು ಆಗಷ್ಟೇ ಮಳಖೇಡ ದಾಟಿತ್ತು. "ಅಣ್ಣಾ, ಎದಿ ಭಾಳ ಹೊಡ್ಕೊಳ್ಲತ್ತದ. ಉಸಿರು ಹಿಡದಂಗ ಆಗ್ಯಾದ. ನಾ ಉಳಿಯಲ್ಲ ಅನಸ್ತದ" ಅಂದ. ದನಿ ನಡುಗುತ್ತಿತ್ತು. ಅವನಿಗೆ 29 ವರ್ಷ. ಬೀಡಿ ಇಲ್ಲ, ಕುಡಿತ ಇಲ್ಲ. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ.

ಬಸ್ ನಿಲ್ದಾಣದಿಂದ ಸೀದಾ ಒಂದು ದವಾಖಾನೆಗೆ ಕರೆದುಕೊಂಡು ಹೋದೆವು. ಇಸಿಜಿ ತೆಗೆದರು. ಬಿಪಿ ನೋಡಿದರು, ರಕ್ತ ತೆಗೆದುಕೊಂಡರು, ಒಂದು ಸಲೈನ್ ಹಚ್ಚಿದರು. ಎರಡು ತಾಸು ಬಿಟ್ಟು ಬಂದ ಮಾತು ಇಷ್ಟೇ: "ಏನೂ ಇಲ್ಲ. ಗ್ಯಾಸ್ ಅದ. ಟೆನ್ಶನ್ ತಗೋಬ್ಯಾಡ್ರಿ." ನಮಗೆಲ್ಲ ಜೀವ ಬಂದಂತಾಯಿತು. ತಮ್ಮನ ಮುಖ ಮಾತ್ರ ಇನ್ನೂ ಸಣ್ಣಗಾಯಿತು. ಸಾಯುತ್ತೇನೆ ಅಂತ ಅಣ್ಣನಿಗೆ ಫೋನ್ ಮಾಡಿದವನಿಗೆ ಏನೂ ಆಗಿಲ್ಲ ಅಂದರೆ ಅವನು ಏನಂತ ತಿಳಿದುಕೊಳ್ಳಬೇಕು? ಸುಮ್ನೆ ನಾಟಕ ಮಾಡಿದ ಅಂತಲೇ? ಮನೆಗೆ ಬಂದಾಗ ಅವ್ವ ಲಿಂಬೆಹಣ್ಣು ಇಳಿಸಿ ದೃಷ್ಟಿ ತೆಗೆದಳು. ಮುಂದಿನ ಒಂದು ತಿಂಗಳಲ್ಲಿ ಅದೇ ಘಾಬರಿ ಮತ್ತೆ ಮೂರು ಸಲ ಬಂತು.

ಆ "ಏನೂ ಇಲ್ಲ" ಅನ್ನುವ ಮಾತಿನ ಬಗ್ಗೆಯೇ ಈ ಲೇಖನ. ಇಸಿಜಿ ಸರಿ ಬಂದರೆ ಆ ಹೊತ್ತಿಗೆ ಅದರಲ್ಲಿ ಹೃದಯದ ತೊಂದರೆ ಕಾಣಲಿಲ್ಲ ಅಂತ ಅರ್ಥ, ಅಷ್ಟೇ. ಆ ಮನುಷ್ಯನಿಗೆ ಏನೂ ಆಗಿಲ್ಲ ಅಂತ ಅರ್ಥ ಅಲ್ಲ. ಆಗಿದ್ದು ನಿಜ. ಅದಕ್ಕೆ ಹೆಸರಿದೆ, ಕಾರಣಗಳಿವೆ, ಚಿಕಿತ್ಸೆಯೂ ಇದೆ.

ಮೊದಲು ಹೆಸರು. ಜನ ಇದನ್ನು ಆ್ಯಂಕ್ಸೈಟಿ ಅಟ್ಯಾಕ್ ಅನ್ನುತ್ತಾರೆ. ವೈದ್ಯರ ಕೈಪಿಡಿಯಲ್ಲಿ ಇರುವ ಹೆಸರು ಪ್ಯಾನಿಕ್ ಅಟ್ಯಾಕ್. ನಮ್ಮ ಕಡೆ ಕನ್ನಡದವರು "ಘಾಬರಿ ಆಗ್ಯಾದ" ಅನ್ನುತ್ತಾರೆ, ದಖ್ಖನಿ ಮಾತಾಡುವವರು "ದಿಲ್ ಘಬ್ರಾರಾ" ಅನ್ನುತ್ತಾರೆ. ಈ ಎರಡೂ ಮಾತು ರೋಗದ ಗುರುತನ್ನು ಸರಿಯಾಗಿ ಹಿಡಿದಿವೆ ಅಂತ ನನಗೆ ಅನಿಸುತ್ತದೆ. ವೈದ್ಯರು ಇದಕ್ಕೆ 13 ಲಕ್ಷಣ ಪಟ್ಟಿ ಮಾಡಿದ್ದಾರೆ. ಎದೆ ಬಡಿತ, ಬೆವರು, ನಡುಕ, ಉಸಿರು ಕಟ್ಟಿದಂತಾಗುವುದು, ಎದೆನೋವು, ಹೊಟ್ಟೆ ತೊಳಸುವುದು, ತಲೆ ತಿರುಗುವುದು, ಬೆರಳಿಗೆ ಜೋಮು, ಸುತ್ತಲಿನದೆಲ್ಲ ಕನಸಿನಂತೆ ಕಾಣುವುದು, ಹುಚ್ಚು ಹಿಡಿಯುತ್ತದೆ ಅಥವಾ ಸತ್ತೇ ಹೋಗುತ್ತೇನೆ ಅನ್ನುವ ಭಯ ಇಂಥವು. ಇವುಗಳಲ್ಲಿ ನಾಲ್ಕೋ ಅದಕ್ಕಿಂತ ಜಾಸ್ತಿಯೋ ಒಮ್ಮೆಲೇ ಎದ್ದು, ಕೆಲವೇ ನಿಮಿಷದಲ್ಲಿ ತುದಿ ಮುಟ್ಟಿದರೆ ಅದು ಪ್ಯಾನಿಕ್ ಅಟ್ಯಾಕ್. ಜೀವನದಲ್ಲಿ ಒಂದು ಸಲ ಬಂದು ಹೋಗುವುದು ಎಷ್ಟೋ ಜನರಿಗೆ ಆಗುತ್ತದೆ. ಅದು ಕಾಯಿಲೆ ಅಲ್ಲ. ಮೇಲಿಂದ ಮೇಲೆ ಬಂದು, ಮತ್ತೆ ಬರುತ್ತದೋ ಏನೋ ಅನ್ನುವ ಹೆದರಿಕೆಯಲ್ಲಿ ಒಂದು ತಿಂಗಳಾದರೂ ಕಳೆದರೆ, ಇಲ್ಲವೇ ಅದಕ್ಕೆ ಹೆದರಿ ಬದುಕಿನ ರೀತಿಯೇ ಬದಲಾದರೆ, ಅದನ್ನು ಪ್ಯಾನಿಕ್ ಡಿಸಾರ್ಡರ್ ಅನ್ನುತ್ತಾರೆ.

ಈಗ ಮೈಯೊಳಗೆ ಏನು ನಡೆಯುತ್ತದೆ ನೋಡೋಣ. ಹಾವು ಕಂಡಾಗ ನಾವು ಯೋಚನೆ ಮಾಡಿ ಹಿಂದೆ ಜಿಗಿಯುವುದಿಲ್ಲ. ಜಿಗಿದ ಮೇಲೆ ಯೋಚನೆ ಬರುತ್ತದೆ. ಆ ಕೆಲಸ ಮಾಡುವುದು ಮಿದುಳಿನ ಆಳದಲ್ಲಿರುವ ಒಂದು ವ್ಯವಸ್ಥೆ. ಅಮೆರಿಕದ ಶರೀರ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲೇ ಇದನ್ನು ವಿವರಿಸಿದ್ದರು. ಅಪಾಯ ಅಂತ ಮಿದುಳು ತೀರ್ಮಾನಿಸಿದ ಕೂಡಲೇ ನರಗಳ ಮೂಲಕ ಸುದ್ದಿ ಹೋಗುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಗ್ರಂಥಿಗಳು ಅಡ್ರಿನಾಲಿನ್ ಸುರಿಯುತ್ತವೆ. ಹೊಡೆದಾಡು, ಇಲ್ಲವೇ ಓಡು. ಮೈ ಎರಡಕ್ಕೂ ತಯಾರಾಗುತ್ತದೆ.

ಹಾಗೆ ನೋಡಿದರೆ ಒಂದೊಂದು ಲಕ್ಷಣಕ್ಕೂ ಒಂದು ಕೆಲಸ ಇದೆ. ಓಡುವ ಕಾಲಿಗೆ ರಕ್ತ ಬೇಕು, ಅದಕ್ಕೆ ಎದೆ ಜೋರಾಗಿ ಬಡಿಯುತ್ತದೆ. ರಕ್ತ ಚರ್ಮ ಬಿಟ್ಟು ಸ್ನಾಯುಗಳಿಗೆ ಹೋಗುತ್ತದೆ, ಅದಕ್ಕೆ ಮುಖ ಬಿಳಚುತ್ತದೆ, ಕೈ ತಣ್ಣಗಾಗುತ್ತದೆ. ಓಡುವಾಗ ಅನ್ನ ಕರಗಿಸುವುದು ಮುಖ್ಯ ಅಲ್ಲ, ಹೊಟ್ಟೆ ಕೆಲಸ ನಿಲ್ಲಿಸುತ್ತದೆ, ವಾಕರಿಕೆ ಬರುತ್ತದೆ. ಮೈ ಕಾಯದಿರಲಿ ಅಂತ ಬೆವರು. ಅಪಾಯ ಚೆನ್ನಾಗಿ ಕಾಣಲಿ ಅಂತ ಕಣ್ಣಿನ ಪಾಪೆ ಅಗಲವಾಗುತ್ತದೆ, ಬೆಳಕು ಕುಕ್ಕುತ್ತದೆ. ಹಾವಿನ ಮುಂದೆ ಇದೆಲ್ಲ ಜೀವ ಉಳಿಸುವ ಉಪಕಾರ. ಬಸ್ಸಿನ ಸೀಟಿನಲ್ಲಿ ಕೂತವನಿಗೆ ಇದೇ ನರಕ. ಓಡಲು ಜಾಗ ಇಲ್ಲ, ಹೊಡೆಯಲು ಶತ್ರು ಇಲ್ಲ.

ಇದರಲ್ಲಿ ಉಸಿರಿನ ವಿಚಾರ ಎಲ್ಲಕ್ಕಿಂತ ಮುಖ್ಯ. ಜನ ಎಲ್ಲಕ್ಕಿಂತ ತಪ್ಪಾಗಿ ತಿಳಿದುಕೊಂಡಿರುವುದೂ ಇದನ್ನೇ. ಘಾಬರಿಯಾದವರು "ಉಸಿರು ಸಾಲ್ತಿಲ್ಲ" ಅನ್ನುತ್ತಾರೆ. ಬಹಳ ಸಲ ಆಗುತ್ತಿರುವುದು ಅದರ ಉಲ್ಟಾ. ಅವರು ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡುತ್ತಿರುತ್ತಾರೆ. ಕೂತಲ್ಲೇ ಕೂತು ಓಡುವವನಷ್ಟು ಉಸಿರಾಡಿದರೆ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ವಿಪರೀತ ಹೊರಗೆ ಹೋಗಿಬಿಡುತ್ತದೆ. ಅದು ಬರೀ ಕೊಳೆ ಗಾಳಿ ಅಂತ ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಆದರೆ ರಕ್ತದ ಹುಳಿ ಸರಿಯಾದ ಮಟ್ಟದಲ್ಲಿರಲು ಅದು ಬೇಕೇ ಬೇಕು. ಅದು ಕಡಿಮೆಯಾದರೆ ರಕ್ತ ಕ್ಷಾರದ ಕಡೆ ವಾಲುತ್ತದೆ. ಆಗ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ, ನರಗಳು ತಾವಾಗಿಯೇ ಮಿಡಿಯತೊಡಗುತ್ತವೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು. ಕೆಲವರಿಗೆ ಬೆರಳುಗಳೇ ಸೆಟೆದುಕೊಳ್ಳುತ್ತವೆ. ನೋಡಿದವರು ಲಕ್ವ ಹೊಡೆಯಿತು ಅಂದುಕೊಳ್ಳುತ್ತಾರೆ. ಇನ್ನೊಂದು ಕಡೆ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ತಿರುಗುತ್ತದೆ, ಎದುರಿಗಿದ್ದವರು ಎಲ್ಲೋ ದೂರ ಇದ್ದಂತೆ ಕಾಣುತ್ತಾರೆ. ಬಿರುಸಾಗಿ ದುಡಿದ ಪಕ್ಕೆಲುಬಿನ ಸ್ನಾಯುಗಳು ನೋಯುತ್ತವೆ, ಅದು ಎದೆನೋವು ಅನಿಸುತ್ತದೆ. ಇಷ್ಟೆಲ್ಲ ಆಗುವಾಗ ಆಕ್ಸಿಮೀಟರ್ ಹಚ್ಚಿ ನೋಡಿದರೆ ಆಮ್ಲಜನಕ ಸಾಮಾನ್ಯವಾಗಿ 98, 99 ತೋರಿಸುತ್ತದೆ. ಆದರೆ ಒಳಗಿನ ಮನುಷ್ಯನಿಗೆ ಉಸಿರು ಸಾಲದು ಅಂತಲೇ ಅನಿಸುತ್ತದೆ. ಇನ್ನೂ ಜೋರಾಗಿ ಎಳೆದುಕೊಳ್ಳುತ್ತಾನೆ. ಎಳೆದಷ್ಟೂ ಇದೆಲ್ಲ ಏರುತ್ತದೆ.

ಮೂಗಿಗೆ ಕಾಗದದ ಚೀಲ ಹಿಡಿಯುವುದನ್ನು ಸಿನಿಮಾಗಳಲ್ಲಿ ನೋಡಿರುತ್ತೀರಿ. ದಯವಿಟ್ಟು ಮಾಡಬೇಡಿ. ಅದು ನಿಜವಾದ ಅಸ್ತಮಾ ಅಥವಾ ಹೃದಯಾಘಾತ ಆಗಿದ್ದರೆ ಚೀಲ ಜೀವಕ್ಕೇ ಕುತ್ತು.

ಸರಿ, ಹಾವಿಲ್ಲದೆ ಈ ಗಂಟೆ ಬಾರಿಸುವವರು ಯಾರು? ನಮ್ಮ ಹಳ್ಳಿಯ ಮನೆ ಕಾಯುವ ನಾಯಿಯನ್ನು ನೆನಪಿಸಿಕೊಳ್ಳಿ. ಕಳ್ಳ ಬಂದರೂ ಬೊಗಳುತ್ತದೆ, ಗಾಳಿಗೆ ತೊಗರಿ ಕಟ್ಟಿಗೆ ಅಲುಗಿದರೂ ಬೊಗಳುತ್ತದೆ. ನಾಯಿಯಲ್ಲಿ ದೋಷ ಇಲ್ಲ. ಅದರ ಕಿವಿ ಸ್ವಲ್ಪ ಜಾಸ್ತಿ ಚುರುಕು, ಅಷ್ಟೇ. ಆ ಕಿವಿ ಯಾಕೆ ಚುರುಕಾಯಿತು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ವಿಜ್ಞಾನಿಗಳು ಒಂದೊಂದು ದಿಕ್ಕಿನಿಂದ ಹುಡುಕಿದ್ದಾರೆ.

ಅಮೆರಿಕದ ಮನೋವೈದ್ಯ ಡೊನಾಲ್ಡ್ ಕ್ಲೈನ್ 1993ರಲ್ಲಿ ಒಂದು ವಾದ ಮುಂದಿಟ್ಟರು. ಉಸಿರುಗಟ್ಟುವುದನ್ನು ಪತ್ತೆ ಮಾಡುವ ಕಾವಲು ನಮ್ಮ ಮಿದುಳಿನಲ್ಲಿದೆ. ಕೆಲವರಲ್ಲಿ ಅದು ಬೇಗ ಎಚ್ಚರಾಗುತ್ತದೆ, ಸುಮ್ಮಸುಮ್ಮನೆ ಕೂಗುತ್ತದೆ ಅಂತ. ಇದಕ್ಕೆ ಪ್ರಯೋಗದ ಆಧಾರವೂ ಇದೆ. 35% ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯನ್ನು ಒಂದು ಸಲ ಆಳವಾಗಿ ಎಳೆದುಕೊಂಡರೆ ಪ್ಯಾನಿಕ್ ಕಾಯಿಲೆ ಇರುವ ಬಹಳ ಜನರಿಗೆ ಅಲ್ಲೇ ಅಟ್ಯಾಕ್ ಬರುತ್ತದೆ. ಉಳಿದವರಲ್ಲಿ ಅಷ್ಟು ಜನರಿಗೆ ಬರುವುದಿಲ್ಲ.

ಇದೇ ಗಾಳಿಯ ಇನ್ನೊಂದು ಪ್ರಯೋಗ ನನ್ನನ್ನು ಬಹಳ ದಿನ ಕಾಡಿತು. ಅಮೆರಿಕದಲ್ಲಿ ಒಬ್ಬ ಮಹಿಳೆಯ ಮಿದುಳಿನ ಎರಡೂ ಬದಿಯ ಅಮಿಗ್ಡಲಾ ಅಪರೂಪದ ಕಾಯಿಲೆಯಿಂದ ಹಾಳಾಗಿತ್ತು. ಅಮಿಗ್ಡಲಾ ಅಂದರೆ ಭಯದ ಕೇಂದ್ರ ಅಂತ ಹೆಸರಾದ ಭಾಗ. ಆಕೆಗೆ ಹಾವು, ಜೇಡ ಯಾವುದರ ಭಯವೂ ಇರಲಿಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಕೆಗೆ ಈ 35% ಗಾಳಿ ಕೊಟ್ಟರು. ಯಾವುದಕ್ಕೂ ಹೆದರದ ಆಕೆ ಘಾಬರಿಯಾಗಿ ಮುಖವಾಡ ಕಿತ್ತುಹಾಕಲು ಒದ್ದಾಡಿದರು. ಹೊರಗಿನ ಅಪಾಯದ ಭಯ ಬೇರೆ ದಾರಿಯಲ್ಲಿ ಬರುತ್ತದೆ, ಮೈಯೊಳಗಿಂದ ಏಳುವ ಘಾಬರಿ ಬೇರೆ ದಾರಿಯಲ್ಲಿ ಬರುತ್ತದೆ ಅಂತ ಇದರಿಂದ ತಿಳಿಯಿತು. "ಗಂಡಸಾಗಿ ಹೆದರ್ತೀ ಏನು" ಅಂತ ನಾವು ಬಯ್ಯುತ್ತೇವಲ್ಲ, ಆ ಮಾತಿಗೆ ಎಷ್ಟು ಅರ್ಥ ಉಳಿಯಿತು ಯೋಚಿಸಿ. ರಾತ್ರಿ ಒಬ್ಬನೇ ಹೊಲ ಕಾಯುವ ಧೈರ್ಯವಂತನಿಗೂ ಇದು ಬರಬಹುದು. ಗಾಢ ನಿದ್ದೆಯಲ್ಲಿ, ಯಾವ ಕನಸೂ ಇಲ್ಲದಾಗ ಅಟ್ಯಾಕ್ ಬಂದು ಎದ್ದು ಕೂರುವವರಿದ್ದಾರೆ.

ಮೂರನೆಯದು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಹೇಳಿದ್ದು. ನನ್ನ ಮಟ್ಟಿಗೆ ಚಿಕಿತ್ಸೆಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಇದೇ. ಮೈಯಲ್ಲಿ ಏನೋ ಒಂದು ಸಣ್ಣ ಬದಲಾವಣೆ ಆಗುತ್ತದೆ. ಮೆಟ್ಟಿಲು ಹತ್ತಿ ಎದೆ ಸ್ವಲ್ಪ ಜೋರಾಗಿ ಬಡಿಯಿತು ಅನ್ನಿ. ಒಬ್ಬರು ಅದನ್ನು ಗಮನಿಸುವುದೇ ಇಲ್ಲ. ಇನ್ನೊಬ್ಬರ ಮನಸ್ಸು "ಇದು ಹಾರ್ಟ್ ಅಟ್ಯಾಕ್" ಅನ್ನುತ್ತದೆ. ಅಷ್ಟು ಅಂದದ್ದೇ ತಡ, ಅಡ್ರಿನಾಲಿನ್ ಸುರಿಯುತ್ತದೆ. ಎದೆ ಇನ್ನೂ ಬಡಿಯುತ್ತದೆ. "ನೋಡು, ನಾ ಅಂದುಕೊಂಡದ್ದೇ ನಿಜ" ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತದೆ. ಗಾಣದ ಎತ್ತಿನ ಹಾಗೆ ಸುತ್ತು ಶುರು. ಇಲ್ಲಿ ಹಗ್ಗವೂ ನಮ್ಮ ಮೈಯೇ, ಹಾವೂ ನಮ್ಮ ಮೈಯೇ.

ಈ ಮೂರೂ ಒಂದಕ್ಕೊಂದು ಜಗಳ ಆಡುವ ವಾದಗಳಲ್ಲ ಅಂತ ನನ್ನ ತಿಳಿವಳಿಕೆ. ಕಾವಲು ಚುರುಕಾಗಿರುವುದು ಒಂದು ಮಾತು, ಅದರ ಕೂಗಿಗೆ ನಾವು ಕೊಡುವ ಅರ್ಥ ಇನ್ನೊಂದು ಮಾತು. ಚುರುಕುತನ ಸ್ವಲ್ಪ ಮಟ್ಟಿಗೆ ಮನೆತನದಲ್ಲೇ ಬರುತ್ತದೆ. ಅವಳಿಗಳನ್ನು ಹೋಲಿಸಿ ಮಾಡಿದ ಅಧ್ಯಯನಗಳು ಪ್ಯಾನಿಕ್ ಕಾಯಿಲೆಯಲ್ಲಿ ವಂಶದ ಪಾಲು ಸುಮಾರು 40% ಅನ್ನುತ್ತವೆ. ಹೆಂಗಸರಲ್ಲಿ ಇದು ಗಂಡಸರಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ. ಶುರುವಾಗುವುದು ಹೆಚ್ಚಾಗಿ ಹರೆಯದಲ್ಲಿ. ಚಿಕ್ಕಂದಿನಲ್ಲಿ ಹೊಡೆತ ಬಡಿತ ಕಂಡವರಿಗೆ, ಅಪ್ಪ ಅವ್ವನನ್ನು ಬೇಗ ಕಳೆದುಕೊಂಡವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಸಾಧ್ಯತೆ ಹೆಚ್ಚು.

ಇನ್ನು ಒತ್ತಡ. ಒತ್ತಡ ಬಂದ ದಿನವೇ ಅಟ್ಯಾಕ್ ಬರಬೇಕು ಅಂತೇನಿಲ್ಲ. ಇದರಿಂದಲೇ ಜನ ಕಾರಣ ಗುರುತಿಸಲಾರದೆ ಹೋಗುತ್ತಾರೆ. ತಮ್ಮನ ಕಥೆಯೇ ಹಾಗೆ. 2022ರಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿದ್ದಾಗ ನಮ್ಮ ಹೊಲವೂ ಒಣಗಿತು. ಆ ವರ್ಷದ ಸಾಲ ಇನ್ನೂ ಹೆಗಲ ಮೇಲಿತ್ತು. ತೊಗರಿ ರಾಶಿ ಮುಗಿದು ಮಾಲು ಮಿಲ್ಲಿಗೆ ಬರುವ ತಿಂಗಳುಗಳಲ್ಲಿ ಅವನು ರಾತ್ರಿ ಹನ್ನೊಂದರ ತನಕ ಲೆಕ್ಕ ಬರೆದ. ಆಗ ಏನೂ ಆಗಲಿಲ್ಲ. ಹಂಗಾಮು ಮುಗಿದು, ಎಲ್ಲ ಸುಧಾರಿಸಿತು ಅನ್ನುವಾಗ ಮೇ ತಿಂಗಳಲ್ಲಿ ಬಸ್ಸಿನಲ್ಲಿ ಬಂತು. "ಈಗ ಎಂಥ ಟೆನ್ಶನ್?" ಅಂತ ನಾವೇ ಕೇಳಿದೆವು. ತಪ್ಪು ಮಾಡಿದೆವು. ತಿಂಗಳುಗಟ್ಟಲೆ ಕಟ್ಟಿಗೆ ಒಣಗಿಸಿ ಬಣವೆ ಒಟ್ಟಿದ್ದು ಬೇರೆ, ಕಿಡಿ ತಾಗಿದ್ದು ಬೇರೆ.

ಆ ಕಿಡಿ ಏನು ಅಂತ ನಮ್ಮ ಊರಿನಲ್ಲಿ ಹುಡುಕಿದರೆ ಮೊದಲು ಕಾಣುವುದು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ದೊಡ್ಡ ಸುದ್ದಿಯಲ್ಲ. ಅಂಥ ಬಿಸಿಲಲ್ಲಿ, ನೀರು ಕಡಿಮೆ ಕುಡಿದಾಗ ಯಾರ ಎದೆಯಾದರೂ ಜೋರಾಗಿ ಬಡಿಯುತ್ತದೆ. ಬೆವರು, ತಲೆ ಸುತ್ತು, ಕಣ್ಣು ಕತ್ತಲೆ ಎಲ್ಲ ಇರುತ್ತದೆ. ಘಾಬರಿಯ ಲಕ್ಷಣಗಳನ್ನೇ ಬಿಸಿಲು ತಂದು ಮುಂದಿಡುತ್ತದೆ. ಮನಸ್ಸು ತಪ್ಪು ಓದಲು ಅಷ್ಟು ಸಾಕು. ಅದರ ಮೇಲೆ ಚಹಾ. ಮಿಲ್ಲಿನಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಸಣ್ಣ ಕಪ್ಪಿನಲ್ಲಿ ದಿನಕ್ಕೆ ಎಂಟು ಹತ್ತು ಸಲ ಆಗಿಬಿಡುತ್ತದೆ. ಸಣ್ಣ ಕಪ್ಪಾದರೂ ಕೆಫೀನ್ ಕೂಡುತ್ತಾ ಹೋಗುತ್ತದೆ. ಪ್ಯಾನಿಕ್ ಕಾಯಿಲೆ ಇರುವವರಿಗೆ ಹೆಚ್ಚು ಕೆಫೀನ್ ಕೊಟ್ಟರೆ ಅಟ್ಯಾಕ್ ಬರಿಸಬಹುದು ಅಂತ ಪ್ರಯೋಗಗಳಲ್ಲಿ ಕಂಡಿದೆ. ಸೆಕೆಗೆ ರಾತ್ರಿ ನಿದ್ದೆ ಇಲ್ಲ, ನಿದ್ದೆ ಇಲ್ಲ ಅಂತ ಬೆಳಿಗ್ಗೆ ಮತ್ತೆ ಚಹಾ.

ಎರಡನೆಯದು ಸುದ್ದಿ. ದೇಶದ ಮೊದಲ ಕೊರೊನಾ ಸಾವು ಆದದ್ದು ಇದೇ ಕಲಬುರಗಿಯ 76 ವರ್ಷದ ಹಿರಿಯರದು, 2020ರ ಮಾರ್ಚ್ 10ರಂದು. ಆಗ ಇಡೀ ಊರು ತನ್ನ ಉಸಿರನ್ನು ತಾನೇ ಎಣಿಸುತ್ತಾ ಕೂತಿತ್ತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡಾಗ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗೆ ಜನ ಮುಗಿಬಿದ್ದರು. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದಾಗಲೂ ಹಾಗೇ ಆಯಿತು. ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದೇ. ಆದರೆ ವಯಸ್ಸಿನ ಹುಡುಗ ಕುಸಿದು ಬೀಳುವ ವಿಡಿಯೋವನ್ನು ದಿನಾ ರಾತ್ರಿ ಮೊಬೈಲಿನಲ್ಲಿ ನೋಡುವವನ ಮನಸ್ಸು ಮರುದಿನ ತನ್ನ ಎದೆಬಡಿತವನ್ನು ಹೇಗೆ ಓದುತ್ತದೆ? ಕ್ಲಾರ್ಕ್ ಹೇಳಿದ ಆ ತಪ್ಪು ಅರ್ಥ ಎಲ್ಲಿಂದ ಬರುತ್ತದೆ ಅಂತ ಬೇರೆ ಹುಡುಕಬೇಕಾಗಿಲ್ಲ. ತಮ್ಮನ ಫೋನಿನಲ್ಲಿ ಅಂಥ ಹನ್ನೊಂದು ವಿಡಿಯೋ ಇದ್ದವು. ನಾನೇ ಎಣಿಸಿದೆ. ಅದರಲ್ಲಿ ಎರಡು ನಾನೇ ಕಳಿಸಿದ್ದು.

ಇಲ್ಲಿ ಒಂದು ಎಚ್ಚರದ ಮಾತು ಹೇಳಲೇಬೇಕು. ಎದೆ ಬಡಿದುಕೊಂಡದ್ದೆಲ್ಲ ಘಾಬರಿ ಅಲ್ಲ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಹೀಗೇ ಆಗುತ್ತದೆ. ರಕ್ತ ಕಡಿಮೆ ಇರುವವರಿಗೆ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ತಪ್ಪಿಸಿ ಸಕ್ಕರೆ ಇಳಿದವರಿಗೆ, ಹೃದಯದ ಲಯ ತಪ್ಪಿದವರಿಗೆ ಹೀಗಾಗುತ್ತದೆ. ಅಸ್ತಮಾದ ಕೆಲವು ಪಂಪುಗಳು, ನೆಗಡಿಯ ಕೆಲವು ಮಾತ್ರೆಗಳು ಎದೆ ಬಡಿಸುತ್ತವೆ. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಬರುವ ನಡುಕ, ಬೆವರು ಬೇರೆಯೇ ಅಪಾಯ, ಅದಕ್ಕೆ ತಕ್ಷಣ ಡಾಕ್ಟರ್ ಬೇಕು. ಮೊದಲ ಸಲ ಎದೆನೋವು ಬಂದಾಗ ಮನೆಯಲ್ಲೇ ಕೂತು ಇದು ಘಾಬರಿ ಅಂತ ತೀರ್ಮಾನ ಮಾಡಬಾರದು. ನೋವು ತೋಳಿಗೆ, ದವಡೆಗೆ ಹಬ್ಬಿದರೆ, ನಡೆದರೆ ಜಾಸ್ತಿಯಾಗಿ ನಿಂತರೆ ಕಡಿಮೆಯಾದರೆ, ನಿಜವಾಗಿ ಪ್ರಜ್ಞೆ ತಪ್ಪಿದರೆ, ವಯಸ್ಸು ನಲವತ್ತು ದಾಟಿ ಬಿಪಿ, ಶುಗರ್ ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇಸಿಜಿ ಬೇಡ ಅಂತ ನಾನು ಹೇಳುತ್ತಿಲ್ಲ. ಇಸಿಜಿ ಬೇಕು. ಅದರ ನಂತರದ ಮಾತೂ ಬೇಕು.

ಆ ಮಾತು ಇಲ್ಲಿ ಮಾತ್ರ ತಪ್ಪಿಹೋಗುತ್ತಿಲ್ಲ. ಕೆನಡಾದ ಮಾಂಟ್ರಿಯಲ್‌ನ ಹೃದ್ರೋಗ ಸಂಸ್ಥೆಯಲ್ಲಿ ಎದೆನೋವು ಅಂತ ತುರ್ತು ವಿಭಾಗಕ್ಕೆ ಬಂದ 441 ಜನರನ್ನು ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಅವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಪ್ಯಾನಿಕ್ ಡಿಸಾರ್ಡರ್ ಇತ್ತು. ಹೃದ್ರೋಗ ತಜ್ಞರು ಅವರಲ್ಲಿ 98% ಜನರ ಪ್ಯಾನಿಕ್ ಗುರುತಿಸಿರಲಿಲ್ಲ. ಇನ್ನೂ ಹಿಂದೆ ಹೋದರೆ, 1871ರಲ್ಲಿ ಅಮೆರಿಕದ ವೈದ್ಯ ಜೇಕಬ್ ಡಕೋಸ್ಟಾ ಅಂತರ್ಯುದ್ಧದ ಸೈನಿಕರ ಬಗ್ಗೆ ಬರೆದಿದ್ದರು. ಎದೆ ಬಡಿತ, ಎದೆನೋವು, ಉಸಿರುಕಟ್ಟುವಿಕೆ ಎಲ್ಲ ಇತ್ತು, ಹೃದಯದಲ್ಲಿ ರೋಗ ಮಾತ್ರ ಕಾಣಲಿಲ್ಲ. ಆದರೂ ಅವರು "ಏನೂ ಇಲ್ಲ" ಅನ್ನಲಿಲ್ಲ. ಅದಕ್ಕೊಂದು ಹೆಸರು ಕೊಟ್ಟು ವಿವರವಾಗಿ ಬರೆದಿಟ್ಟರು.

ಹೆಸರು ಕೊಡದೆ ಕಳಿಸಿದರೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲೇ ನೋಡಿದೆ. ತಮ್ಮ ಸೇಡಂಗೆ ಬಸ್ಸಿನಲ್ಲಿ ಹೋಗುವುದು ಬಿಟ್ಟ. ಮೊದಲು ಕಿಟಕಿ ಪಕ್ಕದ ಸೀಟು ಬೇಕು ಅಂದ, ಆಮೇಲೆ ಬಾಗಿಲ ಹತ್ತಿರದ್ದೇ ಬೇಕು ಅಂದ, ಆಮೇಲೆ ಬಸ್ಸೇ ಬೇಡ ಅಂದ. ಕೈಯಲ್ಲಿ ಯಾವಾಗಲೂ ನೀರಿನ ಬಾಟಲಿ. ಕಿಸೆಯಲ್ಲಿ ಗ್ಯಾಸಿನ ಮಾತ್ರೆ. ಜಾತ್ರೆಗೆ ಎಲ್ಲರೂ ಹೊರಟರೆ ತಾನು ಮನೆ ಕಾಯುತ್ತೇನೆ ಅಂದ. ಗದ್ದಲದಲ್ಲಿ ಬಿದ್ದರೆ ಏನು ಗತಿ ಅನ್ನುವ ಹೆದರಿಕೆ. ಹಾಗೆ ತಪ್ಪಿಸಿಕೊಂಡಾಗಲೆಲ್ಲ ಜೀವಕ್ಕೆ ಹಾಯೆನಿಸುತ್ತದೆ. ಆ ಹಾಯೇ ಮೋಸ. ಬಸ್ಸು ಹತ್ತದೇ ಇದ್ದುದರಿಂದಲೇ ಉಳಿದೆ ಅಂತ ಮಿದುಳು ಬರೆದುಕೊಳ್ಳುತ್ತದೆ. ಮುಂದಿನ ಸಲ ಬಸ್ಸು ಕಂಡರೇ ಎದೆ ಬಡಿಯುತ್ತದೆ. ಅಟ್ಯಾಕ್ ಹತ್ತು ನಿಮಿಷದ್ದು. ಅದರ ಭಯ ತಿಂಗಳುಗಟ್ಟಲೆ ಊಟ, ಓಡಾಟ, ನೌಕರಿ ಎಲ್ಲವನ್ನೂ ತಿನ್ನುತ್ತದೆ. ಕಾರಣ ಯಾವುದು ಅಂತ ಕೇಳಿದರೆ, ಮೊದಲ ಅಟ್ಯಾಕಿಗೆ ಬಿಸಿಲು, ಚಹಾ, ಸಾಲ, ವಂಶ ಏನೇ ಇರಲಿ, ನಾಲ್ಕನೆಯದಕ್ಕೆ ಮುಖ್ಯ ಕಾರಣ ಹಿಂದಿನ ಮೂರರ ಭಯವೇ.

ಇದಕ್ಕೆ ಸಿಗುವ ಸುಲಭದ ಮದ್ದು ಆಲ್ಪ್ರಜೋಲಾಮ್ ಥರದ ಮಾತ್ರೆ. ಅರ್ಧ ತಾಸಿನಲ್ಲಿ ಎದೆ ತಣ್ಣಗಾಗುತ್ತದೆ. ಕೆಲ ದಿನಕ್ಕೆ ಡಾಕ್ಟರ್ ಬರೆದುಕೊಟ್ಟರೆ ಸರಿ. ತಿಂಗಳುಗಟ್ಟಲೆ ಸ್ವಂತಕ್ಕೆ ನುಂಗಿದರೆ ಮೈ ಅದಕ್ಕೆ ಒಗ್ಗಿಬಿಡುತ್ತದೆ. ಒಮ್ಮೆಲೇ ಬಿಟ್ಟರೆ ಘಾಬರಿ ಇನ್ನಷ್ಟು ಜೋರಾಗಿ ಬರುತ್ತದೆ, ಫಿಟ್ಸ್ ಕೂಡ ಬರಬಹುದು. ಹೆಚ್ಚು ದಿನಕ್ಕೆ ಕೊಡುವ ಮಾತ್ರೆಗಳು ಬೇರೆ. ಅವು ಕೆಲಸ ಮಾಡಲು ಕೆಲವು ವಾರ ಬೇಕು. ಮೊದಲ ದಿನಗಳಲ್ಲಿ ಸ್ವಲ್ಪ ಕಸಿವಿಸಿ ಜಾಸ್ತಿಯೇ ಆಗಬಹುದು. ಅದನ್ನು ಮುಂಚೆಯೇ ಹೇಳದಿದ್ದರೆ ಜನ ನಾಲ್ಕನೇ ದಿನ ಮಾತ್ರೆ ಬಿಟ್ಟುಬಿಡುತ್ತಾರೆ.

ತಮ್ಮನಿಗೆ ತಿರುವು ಸಿಕ್ಕಿದ್ದು ಒಬ್ಬ ಮನೋವೈದ್ಯರ ಕೋಣೆಯಲ್ಲಿ. ಥೈರಾಯ್ಡ್, ರಕ್ತ ಎಲ್ಲ ಪರೀಕ್ಷೆ ಮಾಡಿಸಿದರು. ಆಮೇಲೆ ಅವರು ಮಾಡಿಸಿದ್ದು ಕೇಳಿದರೆ ವಿಚಿತ್ರ ಅನಿಸಬಹುದು. ಒಂದು ನಿಮಿಷ ಬೇಕಂತಲೇ ಜೋರಾಗಿ ಉಸಿರಾಡು ಅಂದರು. ಬೆರಳಿಗೆ ಜುಮುಜುಮು ಬಂತು, ತಲೆ ತಿರುಗಿತು. "ಬಸ್ನಾಗ ಆದದ್ದು ಇದೇ ಏನು?" ಅಂತ ಕೇಳಿದರು. ಹೌದು, ಇದೇ. ಉಸಿರು ನಿಧಾನ ಮಾಡಿಸಿದರು. ಎರಡು ಮೂರು ನಿಮಿಷದಲ್ಲಿ ಎಲ್ಲ ಇಳಿಯಿತು. ಸಾವು ಅಂದುಕೊಂಡದ್ದು ತನ್ನ ಉಸಿರಿನ ಆಟ ಅಂತ ಅವನಿಗೆ ಅಂದು ಗೊತ್ತಾಯಿತು. ಮೆಟ್ಟಿಲು ಹತ್ತಿಸಿ ಎದೆ ಬಡಿಸಿದರು, ಕುರ್ಚಿಯಲ್ಲಿ ತಿರುಗಿಸಿ ತಲೆ ಸುತ್ತಿಸಿದರು. ಹೆದರುವ ಲಕ್ಷಣವನ್ನೇ ಸ್ವಲ್ಪ ಸ್ವಲ್ಪ ತರಿಸಿ, ಅದು ಕೊಲ್ಲುವುದಿಲ್ಲ ಅಂತ ಮೈಗೇ ಕಲಿಸುವುದು ಈ ಚಿಕಿತ್ಸೆಯ ಜೀವ. ಇದನ್ನು ಕಾಗ್ನಿಟಿವ್ ಬಿಹೇವಿಯರ್ ಥೆರಪಿಯ ಭಾಗವಾಗಿ ಮಾಡುತ್ತಾರೆ. ಪ್ಯಾನಿಕ್ ಕಾಯಿಲೆಗೆ ಇದು ಮಾತ್ರೆಯಷ್ಟೇ ಕೆಲಸ ಮಾಡುತ್ತದೆ. ಹೃದಯ ಪರೀಕ್ಷೆ ಆದ ಮೇಲೆ, ತಿಳಿದವರ ಎದುರಿಗೇ ಮಾಡಬೇಕು.

ಆದರೆ ಆ ಕೋಣೆಯ ತನಕ ಹೋಗುವುದೇ ದೊಡ್ಡ ಕೆಲಸ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ 70ರಿಂದ 92% ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಅಂತ ಹೇಳಿತು. ಇಲ್ಲಿ ದೂರವೂ ಕಾರಣ, ಹಣವೂ ಕಾರಣ, "ಹುಚ್ಚರ ಡಾಕ್ಟರ್ ಹತ್ರ ಹೋಗ್ಯಾನ" ಅನ್ನುವ ಓಣಿಯ ಮಾತೂ ಕಾರಣ. ನಮ್ಮ ಅವ್ವನೇ ಮೊದಲು ಬೇಡ ಅಂದಿದ್ದಳು, ಮದುವೆ ಆಗಬೇಕಾದ ಹುಡುಗ ಅಂತ. ಅವಳ ಹೆದರಿಕೆ ನನಗೆ ಅರ್ಥವಾಗುತ್ತದೆ. ದಾರಿಗಳು ಮಾತ್ರ ಇವೆ. ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ಇಟ್ಟಿದ್ದಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಹಣ ಕೊಡಬೇಕಾಗಿಲ್ಲ, ಓಣಿಗೆ ಗೊತ್ತಾಗುವುದೂ ಇಲ್ಲ.

ಮನೆಯವರಿಗೆ ನನ್ನದೊಂದು ಬೇಡಿಕೆ ಇದೆ. ಮುಂದೆ ಕೂತವರಿಗೆ ಘಾಬರಿ ಬಂದಾಗ "ಏನೂ ಇಲ್ಲ, ಸುಮ್ನಿರು" ಅನ್ನಬೇಡಿ. ಪರೀಕ್ಷೆ ಆಗಿ ಇದು ಘಾಬರಿಯೇ ಅಂತ ತಿಳಿದ ಮೇಲೆ ನಾವು ನಮ್ಮ ಮನೆಯಲ್ಲಿ ಹೇಳುವುದು ಇದು: "ಇದು ಘಾಬರಿ. ಹತ್ತು ನಿಮಿಷಕ್ಕ ಇಳೀತದ. ಉಸಿರು ನಿಧಾನ ಬಿಡು. ನಾ ಇಲ್ಲೇ ಅದೀನಿ." ಎಳೆದುಕೊಳ್ಳುವ ಉಸಿರಿಗಿಂತ ಬಿಡುವ ಉಸಿರು ಉದ್ದ ಇದ್ದರೆ ಸಾಕು. ಬಿದ್ದುಬಿಡುತ್ತೇನೆ ಅನ್ನುವ ಭಯಕ್ಕೂ ಉತ್ತರ ಇದೆ. ಪ್ರಜ್ಞೆ ತಪ್ಪುವುದು ಸಾಮಾನ್ಯವಾಗಿ ಬಿಪಿ ಇಳಿದಾಗ. ಘಾಬರಿಯಲ್ಲಿ ಬಿಪಿ ಏರುತ್ತದೆ, ಹಾಗಾಗಿ ಮೂರ್ಛೆ ಹೋಗುವುದು ಅಪರೂಪ.

ತಮ್ಮನಿಗೆ ಪೂರ್ತಿ ವಾಸಿಯಾಗಿದೆ ಅಂತ ಹೇಳಲಾರೆ. ಚಹಾ ಎರಡು ಕಪ್ಪಿಗೆ ಇಳಿಸಿದ್ದಾನೆ. ನಮ್ಮಿಬ್ಬರ ಫೋನಿನಿಂದಲೂ ಆ ವಿಡಿಯೋಗಳು ಹೋಗಿವೆ. ಬಸ್ಸು ಮತ್ತೆ ಹತ್ತಲು ಶುರು ಮಾಡಿದ್ದು ಹೀಗೆ: ಮೊದಲು ಊರೊಳಗೆ ಎರಡು ಸ್ಟಾಪ್, ಆಮೇಲೆ ಶಹಾಬಾದ್ ತನಕ. ಹೋದ ಜನವರಿಯಲ್ಲಿ ಒಬ್ಬನೇ ಸೇಡಂಗೆ ಹೋದ. ವಾಪಸ್ ಬರುವಾಗ ಸಂಜೆ ಫೋನ್ ಬಂತು. ಹೆಸರು ನೋಡಿ ನನ್ನ ಎದೆಯೇ ಒಮ್ಮೆ ಝಲ್ ಅಂತು.

"ಅಣ್ಣಾ, ಮಳಖೇಡ ದಾಟ್ತು. ಎದಿ ಹೊಡ್ಕೊಳ್ಲತ್ತದ" ಅಂದ. ನಾನು ಏನು ಹೇಳಲಿ ಅಂತ ಹುಡುಕುವಷ್ಟರಲ್ಲಿ ಅವನೇ ಅಂದ, "ಹೊಡ್ಕೊಳ್ಲಿ ಬಿಡು. ಅವ್ವಗ ಹೇಳು, ಮನಿಗಿ ಬಂದೇ ಉಣ್ತೀನಿ."